ಏರುಮಡಿಗಳ ನಡುವಣ ದಾರಿ

ಶಾಲಾ ತರಕಾರಿ ತೋಟದ ಕುರಿತು ನಮಗೆ ದೊರೆಯುವ ಮಾರ್ಗದರ್ಶನಗಳಲ್ಲಿ ಬೀಜ, ಗೊಬ್ಬರ, ಕೀಟಬಾಧೆಗಳ ವಿಚಾರ ಧಾರಾಳವಾಗಿರುತ್ತದೆ. ಒಂದು ಮಡಿಗೂ ಇನ್ನೊಂದು ಮಡಿಗೂ ನಡುವೆ ಮಗು ಕಾಲಿಡುವ ಜಾಗದ ವಿಚಾರ ಮಾತ್ರ ಬಹುಮಟ್ಟಿಗೆ ಇರುವುದಿಲ್ಲ. ಕಾಸರಗೋಡಿನಂತಹ ಮಳೆನಾಡಿನಲ್ಲಿ ಇದು ಸಣ್ಣ ಕೊರತೆಯಲ್ಲ. ನಮ್ಮ ಶಾಲೆಗಳು ತೆರೆಯುವುದು ಜೂನ್ ತಿಂಗಳಲ್ಲಿ; ಮುಂಗಾರು ಇಳಿಯುವುದೂ ಅದೇ ಹೊತ್ತಿಗೆ. ಮೊದಲ ವಾರ ಉತ್ಸಾಹದಿಂದ ತೋಟಕ್ಕೆ ಹೋದ ಮಕ್ಕಳು ಜುಲೈ ಬರುವಷ್ಟರಲ್ಲಿ ಜಗಲಿಯಿಂದಲೇ ತೋಟವನ್ನು ನೋಡುವವರಾಗುತ್ತಾರೆ. ಗಿಡಗಳೇನೋ ಬೆಳೆಯುತ್ತವೆ; ಅವುಗಳ ಬಳಿಗೆ ಹೋಗುವ ದಾರಿ ಕೆಸರಾಗಿರುತ್ತದೆ.

ನಮ್ಮ ಶಾಲೆಯ ತೋಟದ ಮೊದಲ ವರ್ಷದಲ್ಲಿ ಹೀಗೆಯೇ ಆಯಿತು. ನೀರು ನಿಲ್ಲಬಾರದೆಂದು ಮಡಿಗಳನ್ನು ಒಂದಡಿ ಎತ್ತರಿಸಿ ಕಟ್ಟಿದೆವು. ನಡುವಣ ದಾರಿಗೆ ಖರ್ಚಿಲ್ಲದ ಉಪಾಯವಾಗಿ, ನೆರೆಯ ತೋಟದಿಂದ ಅಡಿಕೆ ಹಾಳೆಗಳನ್ನು ತಂದು ಹಾಸಿದೆವು. ಬೇಸಗೆಯಲ್ಲಿ ನೋಡಲು ಬಲು ಅಚ್ಚುಕಟ್ಟಾಗಿತ್ತು. ಎರಡನೆಯ ಮಳೆಗೆ ಆರನೇ ತರಗತಿಯ ಹುಡುಗನೊಬ್ಬ ಜಾರಿ ಬಿದ್ದು ಮುಂಗೈಯ ಮೂಳೆ ಮುರಿದುಕೊಂಡನು. ಅವನನ್ನು ಕರೆದೊಯ್ಯಲು ಬಂದ ಅಜ್ಜ ನಮ್ಮನ್ನು ಬೈಯಲಿಲ್ಲ, "ಟೀಚರ್, ಹಾಳೆಯಲ್ಲಿ ಮಕ್ಕಳನ್ನು ಕೂರಿಸಿ ಎಳೆಯುವುದುಂಟಲ್ಲ, ಜಾರುತ್ತದೆ ಅಂತಲೇ. ಅದರ ಮೇಲೆ ನಡೆಯುವುದುಂಟಾ?" ಎಂದಷ್ಟೇ ಕೇಳಿದರು. ಹಾಳೆಬಂಡಿ ಆಡದ ಮಗು ನಮ್ಮ ಊರಿನಲ್ಲಿಲ್ಲ. ಆಟದಲ್ಲಿ ಎಲ್ಲರಿಗೂ ತಿಳಿದಿದ್ದ ವಿಜ್ಞಾನವು ತೋಟದಲ್ಲಿ ಯಾರಿಗೂ ನೆನಪಾಗಲಿಲ್ಲ.

ಅದೇ ವರ್ಷ ಏಳನೇ ತರಗತಿಯಲ್ಲಿ ಊರುಗೋಲಿನ ನೆರವಿನಿಂದ ನಡೆಯುವ ವಿದ್ಯಾರ್ಥಿನಿಯೊಬ್ಬಳಿದ್ದಳು. ಕೆಸರಿನಲ್ಲಿ ಅವಳಿಗೆ ಕಷ್ಟವೆಂದು ಜಗಲಿಯಲ್ಲಿ ಕುಳಿತು ಬೆಳೆಯ ಲೆಕ್ಕ ಬರೆಯುವ ಕೆಲಸವನ್ನು ಕೊಟ್ಟೆವು. ಅವಳು ಅದನ್ನು ಬಹಳ ಚೆನ್ನಾಗಿ ಬರೆದಳು. ಒಂದು ದಿನ ಪುಸ್ತಕದಿಂದ ತಲೆಯೆತ್ತಿ, "ಬೆಂಡೆಯ ಹೂವಿನ ಒಳಗೆ ಯಾವ ಬಣ್ಣ, ಟೀಚರ್?" ಎಂದು ಕೇಳಿದಳು. ಬೆಂಡೆಯ ಹಳದಿ ಹೂವಿನ ತಳದಲ್ಲಿರುವ ಕಡುಗೆಂಪು ಕಣ್ಣನ್ನು ನೋಡಲು ಅವಳು ನಡೆಯಬೇಕಾಗಿದ್ದುದು ಹದಿನೈದು ಹೆಜ್ಜೆ. ಈ ಲೇಖನದಲ್ಲಿ ಚರ್ಚಿಸುತ್ತಿರುವುದು ಆ ಹದಿನೈದು ಹೆಜ್ಜೆಗಳನ್ನು. ದಾರಿಗೆ ಏನನ್ನು ಹಾಸಬೇಕೆಂಬುದು ಅಲಂಕಾರದ ಪ್ರಶ್ನೆಯಲ್ಲ. ತೋಟಕ್ಕೆ ಯಾರು ಹೋಗಬಲ್ಲರು ಎಂಬುದನ್ನು ನಿರ್ಧರಿಸುವ ಪ್ರಶ್ನೆ. ಅದನ್ನು ಮಕ್ಕಳೇ ಪರೀಕ್ಷಿಸಿ ತೀರ್ಮಾನಿಸಬಹುದು. ಉನ್ನತ ಪ್ರಾಥಮಿಕ ತರಗತಿಗಳಲ್ಲಿ ವಿಜ್ಞಾನ, ಗಣಿತ ಹಾಗೂ ಭಾಷೆಯ ಕಲಿಕಾ ಸಾಧನೆಗಳನ್ನು ಒಟ್ಟಾಗಿ ತಲಪಲು ಇದಕ್ಕಿಂತ ಸುಲಭವಾದ ಸಂದರ್ಭ ದೊರೆಯುವುದು ಅಪರೂಪ.

ದಾರಿಯ ಮೇಲೆ ಬೀಳುವ ನೀರು

ಚಟುವಟಿಕೆಯನ್ನು ಆರಂಭಿಸುವ ಮೊದಲು ಅಧ್ಯಾಪಕರು ಒಂದು ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ನೀರು. 90 ಸೆ.ಮೀ. ಅಗಲ, 6 ಮೀಟರ್ ಉದ್ದದ ಒಂದು ದಾರಿಯ ವಿಸ್ತೀರ್ಣ 5.4 ಚದರ ಮೀಟರ್. ಒಂದು ಗಂಟೆಯಲ್ಲಿ 40 ಮಿ.ಮೀ. ಮಳೆ ಸುರಿದರೆ (ನಮ್ಮಲ್ಲಿ ಇದು ಆಶ್ಚರ್ಯದ ಸಂಗತಿಯಲ್ಲ) ಆ ಒಂದೇ ದಾರಿಯ ಮೇಲೆ 216 ಲೀಟರ್, ಎಂದರೆ 12 ಲೀಟರಿನ 18 ಕೊಡಪಾನ ನೀರು ಬೀಳುತ್ತದೆ. ಜಿಲ್ಲೆಯ ವಾರ್ಷಿಕ ಮಳೆ ಸುಮಾರು 3,500 ಮಿ.ಮೀ. ಎಂದು ಹಿಡಿದರೆ ವರ್ಷಕ್ಕೆ 18,900 ಲೀಟರ್. ಈ ಸಂಖ್ಯೆಯನ್ನು ಮಕ್ಕಳಿಗೆ ಮೊದಲೇ ಹೇಳಬಾರದು. ಅವರೇ ಲೆಕ್ಕ ಹಾಕಿ ಬೆರಗಾಗಲಿ.

ಈ ನೀರು ಎಲ್ಲಿಗೆ ಹೋಗುತ್ತದೆ? ಮಕ್ಕಳು ದಿನವೂ ತುಳಿಯುವ ಮಣ್ಣಿನಲ್ಲಿ ಗಾಳಿಯಾಡುವ ಸಂದುಗಳು ಮುಚ್ಚಿಹೋಗುತ್ತವೆ. ನೀರು ಇಂಗದೆ ಮೇಲೆಯೇ ನಿಂತು, ನುಣ್ಣನೆಯ ಕೆಂಪುಮಣ್ಣನ್ನು ಕಲಸಿ ಕೆಸರು ಮಾಡುತ್ತದೆ. ದಾರಿ ಇಳಿಜಾರಾಗಿದ್ದರೆ ನೀರು ಹರಿಯುತ್ತಾ ಮಡಿಯ ಬುಡವನ್ನು ಕೊರೆಯುತ್ತದೆ. ಅಡಿಕೆ ತೋಟದಲ್ಲಿ ಹಿರಿಯರು ಕಣಿ ತೋಡಿ ನೀರಿಗೆ ಬೇರೆಯೇ ಹಾದಿಯನ್ನು ಮಾಡಿಕೊಟ್ಟಿರುತ್ತಾರೆ. ನಾವು ಶಾಲೆಯ ತೋಟದಲ್ಲಿ ನೀರಿಗೂ ಮಕ್ಕಳಿಗೂ ಒಂದೇ ದಾರಿಯನ್ನು ಕೊಡುತ್ತೇವೆ. ತೊಂದರೆ ಆರಂಭವಾಗುವುದೇ ಅಲ್ಲಿ. ಆದುದರಿಂದ ಯಾವ ಹಾಸನ್ನು ಆರಿಸಿದರೂ ದಾರಿಯ ಒಂದು ಬದಿಯಲ್ಲಿ ಗೇಣಗಲದ ಕಣಿ ಇರಲೇಬೇಕು. ದಾರಿಯು ಆ ಕಣಿಯ ಕಡೆಗೆ ಒಂದು ಮೀಟರಿಗೆ 2 ಸೆ.ಮೀ.ನಷ್ಟು ಮಾತ್ರ ವಾಲಿರಬೇಕು. ಅದಕ್ಕಿಂತ ಹೆಚ್ಚು ವಾಲಿದರೆ ಗಾಲಿಕುರ್ಚಿಯೂ ಊರುಗೋಲೂ ಬದಿಗೆ ಸರಿಯುತ್ತವೆ.

ಕೈಗೆಟಕುವ ಹಾಸುಗಳು

ಹಾಳೆಯ ಕಥೆಯನ್ನು ಹೇಳಿದ್ದಾಯಿತು. ಪ್ಲಾಸ್ಟಿಕ್ ಹಾಳೆಯ ಬಗೆಗೂ ಹೆಚ್ಚು ಹೇಳಬೇಕಾಗಿಲ್ಲ: ಜಾರುತ್ತದೆ, ಬಿಸಿಲಿಗೆ ಚೂರುಚೂರಾಗುತ್ತದೆ, ಆ ಚೂರುಗಳನ್ನು ಮಣ್ಣಿನಿಂದ ಹೆಕ್ಕಿ ತೆಗೆಯುವುದು ಯಾರಿಂದಲೂ ಸಾಧ್ಯವಾಗುವುದಿಲ್ಲ. ತರಗೆಲೆ ಎಲ್ಲೆಡೆಯೂ ಸಿಗುತ್ತದೆ. ಆದರೆ ಅದರ ಜಾಗ ಮಡಿಯ ಮೇಲೆ. ದಾರಿಯಲ್ಲಿ ದಪ್ಪವಾಗಿ ಹಾಸಿದರೆ ಹಾವು, ಚೇಳು, ಲಕ್ಷ್ಮೀಚೇಳುಗಳು ಅಡಗಿದ್ದರೂ ಕಾಣುವುದಿಲ್ಲ. ಬರಿಗಾಲಿನಲ್ಲಿ ಓಡಾಡುವ ಮಕ್ಕಳಿರುವಲ್ಲಿ ಕಾಲಿಡುವ ಜಾಗ ಕಣ್ಣಿಗೆ ಕಾಣಬೇಕು.

ತೆಂಗಿನ ಸಿಪ್ಪೆಯ ಬಗೆಗೆ ತುಸು ವಿವರವಾಗಿ ಯೋಚಿಸಬೇಕು. ಸಿಪ್ಪೆಯ ನಾರು ಮತ್ತು ಪುಡಿ ತಮ್ಮ ತೂಕದ ಹಲವು ಪಟ್ಟು ನೀರನ್ನು ಹೀರಿ ಹಿಡಿದಿಡುತ್ತವೆ. ತೆಂಗಿನ ಬುಡದಲ್ಲಿ ತೇವವನ್ನು ಕಾಯಲು ಸಿಪ್ಪೆಯನ್ನು ಕುಳಿಯಲ್ಲಿ ಹೂಳುವ ಕ್ರಮ ನಮ್ಮ ಕೃಷಿಕರಿಗೆ ಚೆನ್ನಾಗಿ ಗೊತ್ತು. ಹೂಳುವಾಗ ಸಿಪ್ಪೆಯ ತಗ್ಗಿದ ಭಾಗ ಮೇಲಕ್ಕಿರುವಂತೆ, ಬುಡದ ಮೇಲೆ ಹೊದಿಕೆಯಾಗಿ ಹಾಸುವಾಗ ಉಬ್ಬಿದ ಭಾಗ ಮೇಲಕ್ಕಿರುವಂತೆ ಇಡಬೇಕೆಂಬುದು ಕೃಷಿ ಶಿಫಾರಸು. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭಗೊಂಡು ಇಂದು ಸಿಪಿಸಿಆರ್‌ಐ ಎಂದು ಹೆಸರಾಗಿರುವ ಸಂಸ್ಥೆಯು ನಮ್ಮ ಕಾಸರಗೋಡಿನಲ್ಲಿಯೇ ಇರುವುದರಿಂದ, ಮಕ್ಕಳನ್ನು ಅಲ್ಲಿಗೆ ಅಧ್ಯಯನ ಪ್ರವಾಸಕ್ಕೆ ಕರೆದೊಯ್ಯುವ ಶಾಲೆಗಳು ಈ ಪ್ರಶ್ನೆಯನ್ನು ಕೇಳಿ ಬರಬಹುದು: ಒಂದೇ ಸಿಪ್ಪೆಯನ್ನು ಎರಡು ಬಗೆಯಾಗಿ ಇಡುವುದೇಕೆ?

ಆದರೆ ತೆಂಗಿನ ಬುಡಕ್ಕೆ ಸರಿಯಾದುದು ದಾರಿಗೆ ಸರಿಯಾಗಬೇಕೆಂದಿಲ್ಲ. ಉಬ್ಬನ್ನು ಮೇಲೆ ಮಾಡಿ ಇಟ್ಟರೆ ಕಾಲಿನಡಿ ಸಿಪ್ಪೆ ಉರುಳುತ್ತದೆ. ತಗ್ಗನ್ನು ಮೇಲೆ ಮಾಡಿ ಇಟ್ಟರೆ ಒಂದೊಂದು ಸಿಪ್ಪೆಯೂ ನೀರಿನ ಬಟ್ಟಲಾಗುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಅಷ್ಟು ನೀರು ಸಾಕು. ಮೊಟ್ಟೆಯಿಂದ ಸೊಳ್ಳೆಯಾಗಲು ಅದಕ್ಕೆ ಒಂದೆರಡು ವಾರ ಸಾಕು. ವಾರಕ್ಕೊಮ್ಮೆ ಡ್ರೈ ಡೇ ಆಚರಿಸಿ, ಮತ್ತೊಂದು ಕಡೆ ನಾವೇ ಸೊಳ್ಳೆಯ ತೊಟ್ಟಿಲು ಕಟ್ಟಿದಂತಾಗುತ್ತದೆ. ಆದುದರಿಂದ ದಾರಿಗೆ ಬಳಸುವ ಸಿಪ್ಪೆಯನ್ನು ಉದ್ದಕ್ಕೆ ಮೂರು ನಾಲ್ಕು ಸೀಳುಗಳಾಗಿ ಮಾಡಿ, ನುಣುಪಾದ ಹೊರಮೈ ಕೆಳಗೆ, ನಾರಿನ ಒಳಮೈ ಮೇಲೆ ಬರುವಂತೆ ಒತ್ತೊತ್ತಾಗಿ ಇಟ್ಟು ತುಳಿಯಬೇಕು. ಸೀಳುಗಳು ಬಹುಮಟ್ಟಿಗೆ ಸಪಾಟಾಗಿರುವುದರಿಂದ ನೀರು ನಿಲ್ಲುವುದಿಲ್ಲ. ನಾರು ಕಾಲಿಗೆ ಹಿಡಿತ ಕೊಡುತ್ತದೆ. ಕೊಳೆತ ಮೇಲೆ ಅದನ್ನೇ ಕೆರೆದು ಕಂಪೋಸ್ಟ್ ಗುಂಡಿಗೆ ಹಾಕಿ ಹೊಸತನ್ನು ಹಾಸಬಹುದು. ಅಡಿಕೆ ಸಿಪ್ಪೆಯೂ ಹೀಗೆಯೇ ಒದಗುತ್ತದೆ. ಬೇಗನೆ ಕೊಳೆಯದ ಅದರ ಗುಣವು ಗೊಬ್ಬರ ಮಾಡುವವರಿಗೆ ತಲೆನೋವು, ದಾರಿ ಹಾಸುವವರಿಗೆ ಅನುಕೂಲ. ಮರದ ಹುಡಿ ಸಿಕ್ಕಿದರೆ ದಾರಿಯ ಮೇಲೆಯೇ ಇರಲಿ, ಮಡಿಯ ಮಣ್ಣಿಗೆ ಬೆರೆಯಬಾರದು. ಮಣ್ಣಿನೊಳಗೆ ಸೇರಿದರೆ ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಅಲ್ಲಿನ ಸಾರಜನಕವನ್ನು ತಾವು ಬಳಸಿಕೊಳ್ಳುವುದರಿಂದ ಗಿಡಗಳು ಹಳದಿಯಾಗುತ್ತವೆ.

ಹುಲ್ಲಿನ ದಾರಿ ಕಣ್ಣಿಗೆ ತಂಪು. ಆದರೆ ಗರಿಕೆಯು ನೆಲದ ಮೇಲೂ ಒಳಗೂ ಕಾಂಡವನ್ನು ಚಾಚುತ್ತಾ ಒಂದೇ ಮಳೆಗಾಲದಲ್ಲಿ ಮಡಿಯೊಳಕ್ಕೆ ನುಗ್ಗುತ್ತದೆ. ಹುಲ್ಲಿನ ಜೊತೆಗೆ ನಾಚಿಕೆ ಮುಳ್ಳೂ ಬರುತ್ತದೆ. ಎಲೆ ಮುದುಡುವುದನ್ನು ನೋಡಲು ಮಕ್ಕಳಿಗೆ ಇಷ್ಟವಾದರೂ ಅದರ ಮುಳ್ಳು ಅಂಗಾಲಿಗೆ ಇಷ್ಟವಾಗದು. ಜೂನ್, ಜುಲೈ ತಿಂಗಳುಗಳಲ್ಲಿ ಹುಲ್ಲು ಕತ್ತರಿಸಲು ಒಣದಿನವೇ ಸಿಗುವುದಿಲ್ಲ. ನೆಲಗಡಲೆಯ ಬಂಧುವಾದ, ಹಳದಿ ಹೂವಿನ ಅರಾಕಿಸ್ ಪಿಂಟೋಯ್ ಎಂಬ ಬಳ್ಳಿಯನ್ನು ತೋಟಗಳಲ್ಲಿ ನೆಲಹೊದಿಕೆಯಾಗಿ ಬೆಳೆಸುತ್ತಾರೆ. ಅದು ಬೇರುಗಂಟುಗಳ ಮೂಲಕ ಸಾರಜನಕವನ್ನು ಸ್ಥಿರೀಕರಿಸುತ್ತದೆ, ಮಣ್ಣು ಕೊಚ್ಚಿಹೋಗದಂತೆ ತಡೆಯುತ್ತದೆ. ಆದರೆ ನೂರು ಮಕ್ಕಳ ತುಳಿತವನ್ನು ತಾಳುವುದಿಲ್ಲ. ದಾರಿಯ ಅಂಚಿಗೂ ಕಣಿಯ ದಡಕ್ಕೂ ಅದು ಸರಿ. ಆ ತೇವದ ಅಂಚಿನಲ್ಲಿ ನಾನಾದರೆ ಒಂದೆಲಗವನ್ನೇ ನೆಡುತ್ತೇನೆ. ಚಟ್ನಿಗಾದರೂ ಆಗುತ್ತದೆ!

ಜಲ್ಲಿಯನ್ನು ಹಾಸುವುದಾದರೆ ಉರುಟಾದ ಹೊಳೆಕಲ್ಲು ಬೇಡ, ಅದು ಕಾಲಿನಡಿ ಸರಿಯುತ್ತದೆ. ಮೂಲೆಗಳಿರುವ ಸಣ್ಣ ಜಲ್ಲಿಯನ್ನು ಕಲ್ಲುಪುಡಿಯೊಂದಿಗೆ ಬೆರೆಸಿ ದಿಮ್ಮಸು ಹಾಕಿದರೆ ಗಟ್ಟಿಯಾಗಿ ಕೂರುತ್ತದೆ. ಸಡಿಲವಾಗಿ ಚೆಲ್ಲಿದ ಜಲ್ಲಿಯಲ್ಲಿ ಗಾಲಿ ಹೂತುಹೋಗುತ್ತದೆ. ಒಡೆದ ಹಂಚಿನ ಚೂರುಗಳು ಹಳೆಯ ಶಾಲೆಗಳ ಹಿತ್ತಲಲ್ಲಿ ರಾಶಿಬಿದ್ದಿರುತ್ತವೆ. ಅವುಗಳ ಅಂಚು ಹರಿತವಾದುದರಿಂದ ಮೇಲ್ಹಾಸಿಗೆ ಬಳಸದೆ, ಕೆಳಗಿನ ಪದರದಲ್ಲಿ ನೀರು ಇಂಗಲು ತುಂಬಬಹುದು. ಸಿಮೆಂಟಿನ ದಾರಿ ಗಟ್ಟಿ, ನಿಜ. ಆದರೆ ಹಿಂದೆ ಹೇಳಿದ 18 ಕೊಡಪಾನ ನೀರಿನಲ್ಲಿ ಒಂದು ಲೋಟವನ್ನೂ ಅದು ಇಂಗಗೊಡುವುದಿಲ್ಲ. ನುಣ್ಣಗೆ ಸಾರಿಸಿದ ಸಿಮೆಂಟಿನ ಮೇಲೆ ಪಾಚಿ ಹಿಡಿದರೆ ಅದು ಹಾಳೆಗಿಂತಲೂ ಅಪಾಯಕಾರಿ. ಮುಂದಿನ ವರ್ಷ ಮಡಿಯ ಜಾಗವನ್ನು ಬದಲಿಸಬೇಕೆಂದರೆ ಕಿತ್ತು ತೆಗೆಯಲೂ ಆಗದು. ಇಂಟರ್‌ಲಾಕ್ ಕಲ್ಲುಗಳಾದರೆ ಕಿತ್ತು ಬೇರೆಡೆ ಹಾಕಬಹುದು; ಕೆಳಗೆ ಮರಳಿನ ಹಾಸು ಸಮವಾಗಿದ್ದರೆ ಗಾಲಿಕುರ್ಚಿಗೆ ಅವು ಬಹಳ ಒಳ್ಳೆಯವು. ಅಡ್ಡಿಯಾಗುವುದು ಬೆಲೆ ಮಾತ್ರ.

ಉಳಿದುದು ನಮ್ಮ ಕಾಲಿನಡಿಯಲ್ಲೇ ಇರುವ ಕಲ್ಲು. ತುಳುವಿನಲ್ಲಿ ಮುರಕಲ್ಲು, ಮಲಯಾಳದಲ್ಲಿ ಚೆಂಗಲ್ಲು, ಕನ್ನಡದ ಪಠ್ಯಪುಸ್ತಕಗಳಲ್ಲಿ ಜಂಬಿಟ್ಟಿಗೆ. ಇದಕ್ಕೆ ಲ್ಯಾಟರೈಟ್ ಎಂಬ ಹೆಸರನ್ನಿತ್ತವನು ಫ್ರಾನ್ಸಿಸ್ ಬುಕಾನನ್. ಕೇರಳದ ಅಂಗಾಡಿಪುರಂನಲ್ಲಿ ಈ ಕಲ್ಲನ್ನು ಕಂಡು 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಅದನ್ನು ವರ್ಣಿಸಿದನು. ಲ್ಯಾಟಿನ್ ಭಾಷೆಯಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ನೆಲದೊಳಗಿರುವಾಗ ಕೊಡಲಿಯಿಂದ ಕಡಿಯುವಷ್ಟು ಮೆತ್ತಗಿದ್ದು, ಗಾಳಿಗೆ ಒಡ್ಡಿದಾಗ ಗಟ್ಟಿಯಾಗುವ ಕಲ್ಲಿಗೆ ಅವನು ಇಟ್ಟಿಗೆಯ ಹೆಸರನ್ನು ಕೊಟ್ಟನು. ನಮ್ಮ 'ಜಂಬಿಟ್ಟಿಗೆ'ಯೊಳಗೂ ಇಟ್ಟಿಗೆಯೇ ಕುಳಿತಿದೆಯೆಂಬುದನ್ನು ಮಕ್ಕಳೇ ಬಿಡಿಸಿ ಹೇಳಲಿ.

ಈ ಕಲ್ಲಿನ ಮೈ ಒರಟು. ರಂಧ್ರಗಳಿರುವುದರಿಂದ ನೀರು ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮನೆ ಕಟ್ಟುವಲ್ಲಿ ಮೂಲೆ ಮುರಿದು ಬಿಸಾಡಿದ ಕಲ್ಲುಗಳು ಕೇಳಿದರೆ ಸಿಗುತ್ತವೆ. ಆದರೆ ಎಲ್ಲ ಮುರಕಲ್ಲೂ ಒಂದೇ ಗುಣದ್ದಲ್ಲ. ಹಳದಿ ಜೇಡಿ ಹೆಚ್ಚಾಗಿರುವ ಕಲ್ಲು ಕಾಲ್ತುಳಿತಕ್ಕೆ ಪುಡಿಯಾಗಿ ಮತ್ತೆ ಕೆಸರೇ ಆಗುತ್ತದೆ. ಕಬ್ಬಿಣದಂಶ ಹೆಚ್ಚಿರುವ, ಬಡಿದಾಗ ಗಟ್ಟಿ ನಾದ ಕೊಡುವ ಕಲ್ಲನ್ನು ಆರಿಸಬೇಕು. ನೆರಳಿನಲ್ಲಿ ಇದಕ್ಕೂ ಪಾಚಿ ಹಿಡಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಒರಟು ಮರಳು ಚೆಲ್ಲಿ ಹಿಡಿಸೂಡಿಯಿಂದ ಉಜ್ಜಬೇಕು. ಬ್ಲೀಚಿಂಗ್ ಪುಡಿ ಹಾಕಿದರೆ ಅದು ಮಳೆನೀರಿನೊಂದಿಗೆ ಮಡಿಗೆ ಇಳಿಯುತ್ತದೆ.

ಕಳೆನಾಶಕದ ಪ್ರಶ್ನೆ

ಕಲ್ಲಿನ ಸಂದಿನಲ್ಲಿ ಕಳೆ ಹುಟ್ಟಿದಾಗ, ಒಂದು ಸಲ ಕಳೆನಾಶಕ ಸಿಂಪಡಿಸಿದರೆ ತೀರಿತಲ್ಲ ಎಂಬ ಸಲಹೆ ಯಾರಿಂದಾದರೂ ಬಂದೇ ಬರುತ್ತದೆ. ಶಾಲೆಯ ಆವರಣದಲ್ಲಿ ಇದು ಕೂಡದು. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದುದನ್ನು ಕಂಡ ಜಿಲ್ಲೆ ನಮ್ಮದು. ಆ ಸಿಂಪಡಣೆ 2000ದ ಇಸವಿಯಲ್ಲಿ ನಿಂತಿತು. ದೇಶದಲ್ಲಿ ಆ ಕೀಟನಾಶಕಕ್ಕೆ ಸುಪ್ರೀಂ ಕೋರ್ಟ್ ತಡೆ ವಿಧಿಸಿದುದು 2011ರಲ್ಲಿ. ಕೀಟನಾಶಕ ಬೇರೆ, ಕಳೆನಾಶಕ ಬೇರೆ, ಸರಿ. ಆದರೆ ಪಡ್ರೆ, ಎಣ್ಮಕಜೆಗಳ ಕಡೆಯಿಂದ ಮಕ್ಕಳು ಬರುವ ಶಾಲೆಗಳಲ್ಲಿ ಈ ನಿಯಮಕ್ಕೆ ವಿವರಣೆ ಬೇಕಾಗುವುದಿಲ್ಲ. ಕುದಿಯುವ ನೀರನ್ನು ಸಂದಿಗೆ ಹೊಯ್ಯುವುದು (ಇದು ದೊಡ್ಡವರ ಕೆಲಸ), ಮಳೆ ಬಿದ್ದ ಮರುದಿನ ಕೈಯಿಂದ ಕೀಳುವುದು, ಸಂದಿಗೆ ಮರಳು ತುಂಬುವುದು, ಇಷ್ಟು ಸಾಕು.

ತರಗತಿಯ ಪ್ರಕ್ರಿಯೆ

ಎರಡೂ ಬದಿ ತೆರೆದ, ಒಂದೇ ಅಳತೆಯ ಡಬ್ಬಿಗಳನ್ನು ಸಂಗ್ರಹಿಸಿರಿ. ಹರಿತವಾದ ಅಂಚನ್ನು ಅಧ್ಯಾಪಕರೇ ಬಡಿದು ಮಡಚಬೇಕು. ತುಳಿದ ಮಣ್ಣು, ಹುಲ್ಲು, ಸಿಪ್ಪೆ ಹಾಸಿದ ಜಾಗ, ಜಲ್ಲಿ, ಮುರಕಲ್ಲಿನ ಸಂದು ಹೀಗೆ ಐದು ಕಡೆ ಒಂದೊಂದು ತಂಡ ಡಬ್ಬಿಯನ್ನು ಎರಡು ಬೆರಳು ಆಳಕ್ಕೆ ಊರಲಿ. ಕಲ್ಲು, ಜಲ್ಲಿಗಳಿರುವಲ್ಲಿ ಸುತ್ತ ಜೇಡಿಮಣ್ಣು ಮೆತ್ತಿದರೆ ನೀರು ಬದಿಯಿಂದ ಸೋರುವುದಿಲ್ಲ. ಒಳಗೆ 4 ಸೆ.ಮೀ. ಎತ್ತರಕ್ಕೆ ನೀರು ಹೊಯ್ದರೆ ಅದು 40 ಮಿ.ಮೀ. ಮಳೆಗೆ ಸಮ. ನೀರು ಪೂರ್ಣವಾಗಿ ಇಂಗಲು ತೆಗೆದುಕೊಂಡ ಸಮಯವನ್ನು ವಿಜ್ಞಾನ ಡೈರಿಯಲ್ಲಿ ದಾಖಲಿಸಲಿ. ಎಲ್ಲ ತಂಡಗಳೂ ಒಂದೇ ದಿನ, ನೆಲ ಚೆನ್ನಾಗಿ ನೆನೆದ ಮೇಲೆ ಮಾಡಬೇಕು. ಒಣನೆಲದ ಫಲಿತಾಂಶ ಮಳೆಗಾಲಕ್ಕೆ ಉಪಯೋಗವಿಲ್ಲ. ಏಕೆಂದು ಕೇಳಿದರೆ ಮಕ್ಕಳು ಹೇಳಬಲ್ಲರು. ನಮ್ಮ ತರಗತಿಯಲ್ಲಿ ತುಳಿದ ಮಣ್ಣಿನ ತಂಡದವರು ಪೀರಿಯಡ್ ಮುಗಿದ ಗಂಟೆ ಹೊಡೆದರೂ ಡಬ್ಬಿಯನ್ನು ಕಾಯುತ್ತಾ ಕುಳಿತಿದ್ದರು.

ನೀರಿನ ಪರೀಕ್ಷೆಯಲ್ಲಿ ಗೆದ್ದ ಹಾಸು ಕಾಲಿನ ಪರೀಕ್ಷೆಯಲ್ಲಿ ಗೆಲ್ಲಬೇಕೆಂದಿಲ್ಲ. ಜಲ್ಲಿ ಇದಕ್ಕೆ ಉತ್ತಮ ಉದಾಹರಣೆ. ಆದುದರಿಂದ ಎರಡನೆಯ ಹಂತದಲ್ಲಿ ಒಂದೊಂದು ಹಾಸಿನ ಮೇಲೂ ಬರಿಗಾಲಿನಲ್ಲಿ, ಚಪ್ಪಲಿಯಲ್ಲಿ, ತುಂಬಿದ ನೀರಿನ ಡಬ್ಬಿ ಹಿಡಿದು ನಿಧಾನವಾಗಿ ನಡೆದು ನೋಡಲಿ. ಪಕ್ಕದಲ್ಲಿ ಒಬ್ಬರು ಕೈಹಿಡಿಯಲು ಸಿದ್ಧರಿರಲಿ. ಊರುಗೋಲು ಅಥವಾ ಗಾಲಿಕುರ್ಚಿ ಬಳಸುವ ಮಗು ತರಗತಿಯಲ್ಲಿದ್ದರೆ, ತನಗೆ ಒಪ್ಪಿಗೆಯಿದ್ದಲ್ಲಿ, ಆ ಮಗುವೇ ಈ ಹಂತದ ಪರೀಕ್ಷಕನಾಗಲಿ. ಇದು ಅನುಕಂಪದ ಮಾತಲ್ಲ: ನೆಲದ ಏರುತಗ್ಗುಗಳ ಅನುಭವ ಆ ಮಗುವಿಗೆ ಇರುವಷ್ಟು ನಮಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪ್ರಕಾರ ಶಾಲೆಯ ಕಟ್ಟಡವಷ್ಟೇ ಅಲ್ಲ, ಆವರಣವೂ ಎಲ್ಲ ಮಕ್ಕಳಿಗೆ ಎಟಕುವಂತಿರಬೇಕು.

ಅಗಲವನ್ನು ಮಕ್ಕಳೇ ಅಳೆದು ನಿರ್ಧರಿಸಲಿ. ಗಾಲಿಕುರ್ಚಿ ಸಾಗಲು 90 ಸೆ.ಮೀ. ಕನಿಷ್ಠ, ಎದುರಿನಿಂದ ಇನ್ನೊಬ್ಬರು ಬರುವುದಾದರೆ 120 ಸೆ.ಮೀ. ಬೇಕು, ತಿರುಗಲು ದಾರಿಯ ಕೊನೆಯಲ್ಲಿ 150 ಸೆ.ಮೀ. ಚೌಕವನ್ನು ಬಿಡಬೇಕು. ಎಲ್ಲ ದಾರಿಗಳೂ ಇಷ್ಟು ಅಗಲವಾದರೆ ಮಡಿಗೆ ಜಾಗವೇ ಉಳಿಯದು ಎಂದು ಯಾರಾದರೂ ಆಕ್ಷೇಪಿಸುತ್ತಾರೆ. ಆಕ್ಷೇಪ ಸರಿಯಾದುದೇ. ಅಲ್ಲಿಂದ ಗಣಿತದ ತರಗತಿ ಆರಂಭವಾಗಲಿ: ಇರುವ ಜಾಗದಲ್ಲಿ ಎಷ್ಟು ಮಡಿ, ಎಷ್ಟು ದಾರಿ?

ಭಾಷೆಯ ಅಧ್ಯಾಪಕರಿಗೂ ಇಲ್ಲಿ ಕೆಲಸವಿದೆ. ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಠಿ, ಹವ್ಯಕ ಕನ್ನಡ ಆಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತಿರುವ ತರಗತಿ ನಮ್ಮದು. ದಾರಿ, ಓಣಿ, ಕಣಿ, ಹುಣಿ, ಹಾಸು, ಹೊದಿಕೆ ಎಂಬ ಪದಗಳಿಗೆ ಮನೆಯ ಹಿರಿಯರು ಏನೆನ್ನುತ್ತಾರೆಂದು ಕೇಳಿ ಬರೆದು ತರಲಿ. 'ಹಾಸು' ಎಂಬೊಂದು ಧಾತುವಿನಿಂದ ಹಾಸಿಗೆ, ಹಾಸುಗಲ್ಲು, ಹಾಸುಹೊಕ್ಕು ಎಂದು ಎಷ್ಟು ದೂರ ನಡೆಯಬಹುದೆಂಬುದನ್ನು ಕಪ್ಪುಹಲಗೆಯಲ್ಲಿ ಬೆಳೆಸಿರಿ. ಕ್ರೋಡೀಕರಣದ ಬಳಿಕ ರಕ್ಷಕ ಶಿಕ್ಷಕ ಸಂಘಕ್ಕೆ ಒಂದು ಮನವಿ ಬರೆಯಿಸಬೇಕು: ಯಾವ ಹಾಸು, ಎಷ್ಟು, ಏಕೆ, ಯಾರ ಮನೆಯಲ್ಲಿ ಸಿಗುತ್ತದೆ. ನಿಜವಾಗಿ ತಲಪುವ ಪತ್ರದಲ್ಲಿ ಮಕ್ಕಳು ಕಾಗುಣಿತವನ್ನು ತಾವಾಗಿಯೇ ತಿದ್ದಿಕೊಳ್ಳುತ್ತಾರೆ.

ಎರಡನೆಯ ವರ್ಷ ನಮ್ಮ ಮಕ್ಕಳ ತೀರ್ಮಾನ ಹೀಗಿತ್ತು: ನಡುವಿನ ಮುಖ್ಯದಾರಿ ಒಂದಕ್ಕೆ 120 ಸೆ.ಮೀ. ಅಗಲದಲ್ಲಿ ಮುರಕಲ್ಲು, ಅದರಿಂದ ಕವಲೊಡೆಯುವ ಕಿರುದಾರಿಗಳಿಗೆ ತೆಂಗಿನ ಸಿಪ್ಪೆಯ ಸೀಳು. ಬೆಂಡೆ, ಅಲಸಂಡೆಗಳ ಮಡಿಗಳು ಮುಖ್ಯದಾರಿಗೆ ತಾಗಿಕೊಂಡೇ ಇರಬೇಕೆಂಬುದನ್ನು ಹುಡುಗಿಯರು ಸೇರಿಸಿದರು. ಕಲ್ಲು ಹಾಸುವ ದಿನ, ಆಗ ಎಂಟನೇ ತರಗತಿಗೆ ಬಂದಿದ್ದ ನಮ್ಮ ಲೆಕ್ಕ ಬರೆಯುವ ವಿದ್ಯಾರ್ಥಿನಿ ಊರುಗೋಲಿನ ತುದಿಯಿಂದ ಒಂದೊಂದು ಕಲ್ಲನ್ನೂ ಒತ್ತಿ ನೋಡಿದಳು. ಅಲುಗಿದ ಕಲ್ಲುಗಳನ್ನೂ ಬೆರಳಿಗಿಂತ ಅಗಲವಾದ ಸಂದುಗಳನ್ನೂ ಸೀಮೆಸುಣ್ಣದಿಂದ ಗುರುತಿಸಿದಳು. ಹನ್ನೊಂದು ಕಲ್ಲುಗಳನ್ನು ಕಿತ್ತು ಮತ್ತೆ ಕೂರಿಸಬೇಕಾಯಿತು. ಕೆಲಸಕ್ಕೆ ಬಂದಿದ್ದ ರಕ್ಷಕರೊಬ್ಬರು ಮೊದಲು ಗೊಣಗಿದರು, ಹನ್ನೊಂದನೆಯದನ್ನು ತಾವೇ ತೋರಿಸಿದರು.

ಸಿಪ್ಪೆಯ ದಾರಿಗಳು ಆಗಸ್ಟಿನಲ್ಲಿ ಒಂದೆರಡು ಕಡೆ ಕುಸಿದವು. ಕಣಿಯನ್ನು ಅಲ್ಲಿ ಸಾಕಷ್ಟು ಆಳ ಮಾಡಿರಲಿಲ್ಲ. ಈ ಪರೀಕ್ಷೆಗಳನ್ನು ಮಳೆ ಇಳಿದ ಮೇಲೆ ಅಕ್ಟೋಬರಿನಲ್ಲಿ ಅದೇ ಜಾಗಗಳಲ್ಲಿ ಮತ್ತೊಮ್ಮೆ ಮಾಡಿಸಿ, ಎರಡು ದಾಖಲೆಗಳನ್ನೂ ಒಂದೇ ಪುಟದಲ್ಲಿ ಬರೆಯಿಸಿರಿ; ಮುಂದಿನ ಮೇ ತಿಂಗಳಲ್ಲಿ ದಾರಿಯನ್ನು ದುರಸ್ತಿ ಮಾಡುವವರಿಗೆ ಆ ಪುಟ ಬೇಕಾಗುತ್ತದೆ.